ಕಂಪ್ಲೇಂಟಕ್ಕನ ಜಗಳದ ಕ್ಲಾಸು

ಕಂಪ್ಲೇಂಟಕ್ಕ ತೊಟ್ಟಿಲಲ್ಲೇ ತಕರಾರು ತೆಗೆದವಳು ಎಂದು ಅವಳ ಯಜಮಾನರು ಹೇಳುವುದುಂಟು. ಹೇಳುವುದು ಅವಳು ಅಡುಗೆಮನೆಯಲ್ಲಿರುವಾಗ, ಅದೂ ಪಿಸುಮಾತಿನಲ್ಲಿ. ಹೆಸರಿಗಷ್ಟೇ ಅವರು ಯಜಮಾನರು. ಮನೆಯಲ್ಲಿ ಅವರ ಪಾಲಿನ ಕೆಲಸವೆಂದರೆ ತಲೆಯಾಡಿಸುವುದು. ಮದುವೆಯಾದಂದಿನಿಂದ ಅಕ್ಕ ಕೊಟ್ಟ ಟೀಯನ್ನು "ಚೆನ್ನಾಗಿದೆ ಕಣೇ" ಎನ್ನದೆ ಅವರು ಲೋಟ ಕೆಳಗಿಟ್ಟವರಲ್ಲ.

ಆದರೆ ಅಕ್ಕನಿಗೆ ಆ ಹೆಸರು ಬಂದದ್ದು ಬಾಯಿಯಿಂದಲ್ಲ, ನೌಕರಿಯಿಂದ. ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಕೂದಲು ಕಪ್ಪಗಿದ್ದಾಗ ಕೂತವಳು ಬೆಳ್ಳಗಾದ ಮೇಲೆ ಎದ್ದಳು. ಗಾಜಿನ ಆಚೆ ಊರಿಗೆ ಊರೇ ಸರತಿ ನಿಂತು ಅವಳನ್ನು ಬೈದಿದೆ. ನಲ್ಲಿಯಲ್ಲಿ ನೀರಿಲ್ಲ, ಬಂದರೆ ಕೆಸರು, ಕೆಸರು ಹೋದರೆ ಬಿಲ್ಲು ಡಬಲ್ಲು. ಅರ್ಧ ಜನ ಇಂಗ್ಲಿಷಿನಲ್ಲೇ ಬೈಯುತ್ತಿದ್ದರು. ಅವರ ಬಾಯಿಗೆ ಬಾಯಿ ಕೊಟ್ಟು ಕೊಟ್ಟು ಅಕ್ಕನ ಇಂಗ್ಲಿಷು ಕಲ್ಲಿಗೆ ಬಡಿದು ಒಗೆದ ಬಟ್ಟೆಯಂತಾಗಿತ್ತು. ಬಣ್ಣ ಇರಲಿಲ್ಲ, ಹರಿಯುತ್ತಲೂ ಇರಲಿಲ್ಲ.

ಆ ಗಾಜಿನ ಹಿಂದೆ ಕೂತು ಅವಳು ಕಲಿತ ಪಾಠ ಒಂದೇ. ಜಗಳ ಆಡಿದವನ ಮನೆಗೆ ಸಂಜೆಯೊಳಗೆ ನೀರು ಬರುತ್ತದೆ. "ಪರವಾಗಿಲ್ಲ ಮೇಡಂ, ನಿಮಗೆ ಬಿಡುವಾದಾಗ ನೋಡಿ" ಎಂದು ಕೈಮುಗಿದು ಹೋದವನ ನಲ್ಲಿ ಒಣಗಿಯೇ ಇರುತ್ತದೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಇನ್ನು ಸರ್ಕಾರಿ ಕಚೇರಿ ಕೊಡುತ್ತದೆಯೇ?

ನಿವೃತ್ತಿಯಾದ ಮೇಲೆ ಅವಳಿಗೆ ಕೈಕಾಲು ಕಟ್ಟಿಹಾಕಿದ ಹಾಗಾಯಿತು. ಕೌಂಟರಿನಲ್ಲಿ ಖರ್ಚಾಗುತ್ತಿದ್ದ ಮಾತೆಲ್ಲ ಮನೆಯಲ್ಲಿ ಖರ್ಚಾಗತೊಡಗಿತು. ಹಾಲಿನವನು ಗೇಟಿನ ಹತ್ತಿರ ಬಾಟಲಿ ಇಟ್ಟು ಓಡತೊಡಗಿದ. ಯಜಮಾನರು ಬೆಳಿಗ್ಗೆ ಎದ್ದವರೇ ಗ್ರಂಥಾಲಯ ಸೇರತೊಡಗಿದರು. ಒಂದು ದಿನ ಅಲ್ಲಿನ ಫಲಕದಲ್ಲಿ ನೋಡಿದ ಸುದ್ದಿಯನ್ನು ಅವರು ಊಟದ ಹೊತ್ತಿನಲ್ಲಿ, ಯಾರಿಗೋ ಹೇಳುವ ಹಾಗೆ ಹೇಳಿದರು. ದೇಶ ಬಿಟ್ಟು ಓಡಿಬಂದ ನಿರಾಶ್ರಿತರಿಗೆ ಇಂಗ್ಲಿಷ್ ಕಲಿಸಲು ಜನ ಬೇಕಂತೆ, ಸಂಬಳವಿಲ್ಲವಂತೆ, ತಾಳ್ಮೆ ಇದ್ದರೆ ಸಾಕಂತೆ. ಕೊನೆಯ ಮಾತನ್ನು ಹೇಳುವಾಗ ಅವರು ತಟ್ಟೆ ನೋಡುತ್ತಿದ್ದರು. ಮಾರನೆಯ ದಿನವೇ ಅಕ್ಕ ಹೋಗಿ ಹೆಸರು ಕೊಟ್ಟು ಬಂದಳು. ಅವರ ಜೀವಮಾನದ ಏಕೈಕ ರಾಜತಂತ್ರ ಫಲಿಸಿತ್ತು.

ಕ್ಲಾಸು ನಡೆಯುವುದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಹಳೇ ಪತ್ರಿಕೆಗಳ ಕಟ್ಟು, ಕಾಲು ಅಲ್ಲಾಡುವ ಮೇಜು, ಮಡಚುವ ಕುರ್ಚಿಗಳು. ಇದನ್ನೆಲ್ಲ ನಡೆಸುತ್ತಿದ್ದ ಗ್ರಂಥಪಾಲಕ ಬಹಳ ಮೃದು ಮನುಷ್ಯ, ಪುಸ್ತಕಕ್ಕೆ ನೋವಾದೀತೆಂದು ಹಾಳೆಯನ್ನೂ ಮೆಲ್ಲಗೆ ತಿರುವುವವನು. ಅವನು ಅಕ್ಕನ ಕೈಗೊಂದು ಪಠ್ಯಪುಸ್ತಕ ಕೊಟ್ಟ. ಮೊದಲ ಪಾಠ, ಇದು ಸೇಬು. ಎರಡನೆಯದು, ಸೇಬು ಕೆಂಪಗಿದೆ. ಅಕ್ಕ ಎದುರು ಕೂತವರನ್ನು ನೋಡಿದಳು. ಸ್ವಂತ ಬೇಕರಿ ಇಟ್ಟಿದ್ದು ಈಗ ಬೇರೆಯವರ ಬೇಕರಿಯಲ್ಲಿ ನೆಲ ಒರೆಸುವವನು, ಬಸ್ಸು ಓಡಿಸಿಕೊಂಡಿದ್ದು ಈಗ ಗೋದಾಮಿನಲ್ಲಿ ಮೂಟೆ ಹೊರುವವನು, ಇನ್ನೂ ಹಲವರು. ಸೇಬು ಗೊತ್ತಿಲ್ಲದೆ ಇವರಲ್ಲಿ ಯಾರಿಗೂ ಜೀವ ಹೋಗುತ್ತಿರಲಿಲ್ಲ. ಅವಳು ಏನು ಹೇಳಿದರೂ ಅವರು ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದರು. ಗೊತ್ತಾಯ್ತಾ ಎಂದರೆ "ಎಸ್ ಟೀಚರ್." ಗೊತ್ತಾಗಲಿಲ್ವಾ ಎಂದರೂ "ಎಸ್ ಟೀಚರ್."

ಈ ತಲೆಯಾಟ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಒಣಗಿದ ನಲ್ಲಿಯವರ ತಲೆಯಾಟ ಅದು. ಇವರ ಮನೆಯ ಸೂರು ಸೋರುತ್ತದೆ, ಸಂಬಳ ಹಿಡಿಯುತ್ತಾರೆ, ಬಸ್ಸಿನಲ್ಲಿ ತಳ್ಳುತ್ತಾರೆ, ಇವರು ಎಸ್ ಎನ್ನುತ್ತಾರೆ. ಅವಳಿಗೆ ಮೈಯೆಲ್ಲ ಉರಿಯಿತು. ಸೇಬಿನ ಪುಸ್ತಕವನ್ನು ಮೇಜಿನ ಅಲ್ಲಾಡುವ ಕಾಲಿನ ಕೆಳಗಿಟ್ಟಳು. ಅಲ್ಲಿ ಅದು ಬಹಳ ಉಪಯೋಗಕ್ಕೆ ಬಂತು.

ಆವತ್ತಿನಿಂದ ಶುರುವಾದದ್ದೇ ಜಗಳದ ಕ್ಲಾಸು. ಅಕ್ಕ ಮೇಜಿನ ಹಿಂದೆ ಗುಮಾಸ್ತಳಾಗಿ, ಅಂಗಡಿಯವಳಾಗಿ, ಮನೆ ಮಾಲೀಕಳಾಗಿ ಕೂರುವಳು. ಒಬ್ಬೊಬ್ಬರೇ ಬರಬೇಕು. ಮೊನೆಯಿಲ್ಲದ ಪೆನ್ಸಿಲು ಕೊಡುವಳು, ಎರಡೂ ಎಡಗಾಲಿನ ಚಪ್ಪಲಿ ಕೊಡುವಳು, ಮುರಿದ ಕುರ್ಚಿಯಲ್ಲಿ ಕೂರಿಸುವಳು. ಬೇಡ ಎನ್ನಬೇಕು, ಬೇರೆಯದು ಕೊಡಿ ಎನ್ನಬೇಕು, ಕೊಡದಿದ್ದರೆ ನಿಮ್ಮ ಮೇಲಿನವರನ್ನು ಕರೆಯಿರಿ ಎನ್ನಬೇಕು. ಎಸ್ ಎಂದವರು ಮತ್ತೆ ಸಾಲಿನ ಕೊನೆಗೆ. ಮೊದಲು ನಾಚಿದರು, ಆಮೇಲೆ ನಕ್ಕರು, ಆಮೇಲೆ ರುಚಿ ಹತ್ತಿತು. ಬೇಕರಿಯವನು ಒಮ್ಮೆ ಮೇಜು ಗುದ್ದಿದ್ದಕ್ಕೆ ಗ್ರಂಥಪಾಲಕ ಓಡಿಬಂದು, ಮೇಡಂ, ಓದುವವರಿಗೆ ತೊಂದರೆಯಾಗುತ್ತಿದೆ, ಸ್ವಲ್ಪ ಮೆತ್ತಗೆ ಜಗಳ ಆಡಿಸಲಾಗುವುದಿಲ್ಲವೇ ಎಂದು ಬೇಡಿಕೊಂಡ. ಅಕ್ಕ ಅವನನ್ನೂ ಸಾಲಿನಲ್ಲಿ ನಿಲ್ಲಿಸಿದಳು. ಪಾಪ, ಅವನಿಗೂ ಜಗಳ ಬರುತ್ತಿರಲಿಲ್ಲ.

ಎಲ್ಲರಿಗೂ ಬಂತು, ಒಬ್ಬಳನ್ನು ಬಿಟ್ಟು. ಅವಳು ಬಟ್ಟೆ ಹೊಲಿಯುವವಳು, ಬೆಟ್ಟದ ಕಡೆಯ ಯಾವುದೋ ಹಳ್ಳಿಯಿಂದ ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಮೊನೆಯಿಲ್ಲದ ಪೆನ್ಸಿಲು ಕೊಟ್ಟರೆ ಎರಡೂ ಕೈಯಲ್ಲಿ ಇಸಿದುಕೊಳ್ಳುವಳು. ಎರಡು ಎಡ ಚಪ್ಪಲಿ ಕೊಟ್ಟರೆ ಹಾಕಿಕೊಂಡು ಕುಂಟುತ್ತ ಹೋಗುವಳು. ಅಕ್ಕ ಮನಸ್ಸಿನಲ್ಲೇ ಅವಳಿಗೆ ಹೂಂಗುಟ್ಟಮ್ಮ ಎಂದು ಹೆಸರಿಟ್ಟಳು. ಕೊನೆಗೊಂದು ದಿನ ಫ್ಲಾಸ್ಕಿನಲ್ಲಿ ಸಕ್ಕರೆಯ ಬದಲು ಉಪ್ಪು ಹಾಕಿದ ಟೀ ತಂದು ಎಲ್ಲರಿಗೂ ಬಗ್ಗಿಸಿ ಕೊಟ್ಟಳು. ಬೇಕರಿಯವನು ಬಾಯಿಗಿಟ್ಟವನೇ ಕಿಟಕಿಗೆ ಓಡಿದ. ಬಸ್ಸಿನವನು ಲೋಟ ಮೇಜಿನ ಮೇಲೆ ಕುಕ್ಕಿ, ನಿಮ್ಮ ಮೇಲಿನವರನ್ನು ಕರೆಯಿರಿ ಎಂದ. ಹೂಂಗುಟ್ಟಮ್ಮ ಮಾತ್ರ ಕೊನೆಯ ಗುಟುಕಿನವರೆಗೆ ಕುಡಿದು, ತುಟಿ ಒರೆಸಿಕೊಂಡು, "ವೆರಿ ಗುಡ್, ಟೀಚರ್" ಎಂದಳು.

ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಎಲ್ಲರನ್ನೂ ಕಳಿಸಿ ಅವಳನ್ನು ಕೂರಿಸಿಕೊಂಡಳು. ಉಪ್ಪು ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಗೊತ್ತಾಯಿತಂತೆ. ಮತ್ತೆ ಯಾಕಮ್ಮ ಕುಡಿದೆ ಎಂದರೆ, ನೀವು ಕೈಯಾರೆ ಮಾಡಿ ತಂದಿದ್ದಿರಿ ಎಂದಳು. ಅಲ್ಲಿಂದ ಎಳೆ ಬಿಚ್ಚಿಕೊಂಡಿತು. ಇದ್ದಬದ್ದ ಇಂಗ್ಲಿಷನ್ನು ಕೂಡಿಸಿ, ಕೈಸನ್ನೆ ಸೇರಿಸಿ, ಅವಳು ತನ್ನ ವಿಚಾರಣೆಯ ಕತೆ ಹೇಳಿದಳು.

ಗಂಡನನ್ನು ಬಂದೂಕಿನವರು ಮನೆಯಿಂದಲೇ ಎಳೆದುಕೊಂಡು ಹೋದರು, ಮತ್ತೆ ಕಾಣಲಿಲ್ಲ. ಅವಳು ಇಲ್ಲಿ ಬಂದು ಆಶ್ರಯ ಕೇಳಿದ್ದಳು. ವಿಚಾರಣೆಗೆ ಕರೆದರು. ಅಧಿಕಾರಿಯ ಪಕ್ಕದಲ್ಲಿ ದುಭಾಷಿ, ಬಿಳಿ ಗಡ್ಡದ ಹಿರಿಯ, ಅವಳ ದೇಶದವನೇ. ಬಾ ಮಗಳೇ ಎಂದು ಅಕ್ಕರೆಯಿಂದ ಕೂರಿಸಿದ. ಆದರೆ ಅವನದು ಬಯಲುಸೀಮೆಯ ಪಟ್ಟಣದ ಮಾತು, ಇವಳದು ಬೆಟ್ಟದ ಮಾತು. ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ. ಶುರುವಿನಲ್ಲೇ ಅಧಿಕಾರಿ ಕೇಳಿದ, ದುಭಾಷಿಯ ಮಾತು ನಿಮಗೆ ಅರ್ಥವಾಗುತ್ತದೆಯೇ? ಅವಳ ಕಡೆ ಹಿರಿಯರ ಮುಖಕ್ಕೆ ನಿಮ್ಮ ಮಾತು ತಿಳಿಯಲಿಲ್ಲ ಎಂದರೆ, ನಿಮಗೆ ಮಾತಾಡಲು ಬರುವುದಿಲ್ಲ ಎಂದು ಮುಖಕ್ಕೆ ಉಗಿದ ಹಾಗೆ. ಅವಳು ಹೂಂ ಎಂದಳು. ಆಮೇಲೆ ಅವಳು ಹೇಳಿದ್ದು ಒಂದು, ಬರೆದುಕೊಂಡದ್ದು ಇನ್ನೊಂದು. ನಿನ್ನ ಮಾತಿಗೆ ಮಾತು ಕೂಡುತ್ತಿಲ್ಲ ಎಂದು ಅರ್ಜಿ ತಳ್ಳಿಹಾಕಿದರು. ಈಗ ಮೇಲ್ಮನವಿಯ ವಿಚಾರಣೆ ಬರಲಿದೆ. ಅದೂ ಕೈತಪ್ಪಿದರೆ ಅವಳು, ಅವಳ ಮಗಳು, ಗಂಡನನ್ನು ಎಳೆದೊಯ್ದ ಊರಿಗೇ ವಾಪಸ್ಸು.

ಅಕ್ಕ ಮಾರನೆಯ ಬೆಳಿಗ್ಗೆಯೇ ಆ ಕಚೇರಿಯ ಕೌಂಟರಿಗೆ ಹೋಗಿ ಜಗಳ ತೆಗೆದಳು. ಅಭ್ಯಾಸ ಬಿಟ್ಟುಹೋಗಿರಲಿಲ್ಲ. ಗಾಜಿನ ಹಿಂದಿನ ಹುಡುಗಿ ಶಾಂತವಾಗಿ ಉತ್ತರ ಕೊಟ್ಟಳು. ಆ ಭಾಷೆಗೆ ಪಟ್ಟಿಯಲ್ಲಿರುವವರು ಅವರೊಬ್ಬರೇ. ಬೇರೆ ಊರಿಂದ ಕರೆಸಬಹುದು, ಆದರೆ ತಕರಾರನ್ನು ಅರ್ಜಿದಾರಳೇ ವಿಚಾರಣೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಹೋದ ಸಲ ಅರ್ಥವಾಗುತ್ತದೆ ಎಂದು ಅವಳೇ ಹೇಳಿದ್ದಾಳಲ್ಲ. "ಕಂಪ್ಲೇಂಟು ಯಾರದೋ ಅವ್ರೇ ಹೇಳ್ಬೇಕು ಮೇಡಂ, ಬೇರೆಯವರದ್ದು ನಡೆಯೋಲ್ಲ" ಎಂದಳು. ಅಕ್ಕ ಕೌಂಟರು ಬಿಟ್ಟು ಸರಿದಳು. ಅದೇ ಮಾತನ್ನು ಅವಳು ತನ್ನ ಗಾಜಿನ ಹಿಂದಿನಿಂದ ಸಾವಿರಾರು ಜನರಿಗೆ ಹೇಳಿದ್ದಳು.

ಆದ್ದರಿಂದ ಹೂಂಗುಟ್ಟಮ್ಮನೇ ಹೇಳಬೇಕು, ಅದೂ ಇಂಗ್ಲಿಷಿನಲ್ಲಿ. ತನ್ನ ಮಾತಿನಲ್ಲಿ ಹೇಳಿದರೆ ಅದನ್ನು ದಾಟಿಸಬೇಕಾದವನು ಆ ಹಿರಿಯನೇ ತಾನೇ? ಬೇಕಾದದ್ದು ಸಣ್ಣ ಮಾತು. ಇಲ್ಲ, ನನಗೆ ಇವರ ಮಾತು ಅರ್ಥವಾಗುವುದಿಲ್ಲ, ಬೇರೆಯವರು ಬೇಕು. ಬಾಯಿಪಾಠ ಮಾಡಿಸಿದರೆ ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಎದುರಿಗೊಬ್ಬ ಮನುಷ್ಯ ಬಂದು ಕೂತರೆ ನಾಲಿಗೆ ಹೊರಳುತ್ತಿರಲಿಲ್ಲ.

ಅಭ್ಯಾಸಕ್ಕೆಂದು ಅಕ್ಕ ಯಜಮಾನರನ್ನೇ ಕ್ಲಾಸಿಗೆ ಎಳೆದುತಂದಳು. ಅವರಿಗೂ ಬಿಳಿ ಗಡ್ಡ ಇತ್ತು. ಬಾಯಿಗೆ ಬಂದದ್ದು ಮಾತಾಡಿ ಎಂದಳು. ಅವರಿಗೆ ಏನೂ ತೋಚದೆ ಆವತ್ತಿನ ಪೇಪರಿನಲ್ಲಿ ಓದಿದ್ದ ಮೂಲವ್ಯಾಧಿಯ ಜಾಹೀರಾತನ್ನು ಕನ್ನಡದಲ್ಲಿ, ಬಹಳ ಗಂಭೀರವಾಗಿ, ಪೂರ್ತಿ ಹೇಳಿದರು. ಕನ್ನಡದ ಒಂದಕ್ಷರವೂ ಬಾರದ ಹೂಂಗುಟ್ಟಮ್ಮ ಕಣ್ಣು ಮಿಟುಕಿಸದೆ ಕೇಳಿದಳು. ಅರ್ಥವಾಯಿತೇ ಎಂದು ಅಕ್ಕ ಕೇಳಿದರೆ, ಎಲ್ಲ ಅರ್ಥವಾಯಿತು ಎಂದು ತಲೆ ಬಾಗಿಸಿದಳು. ಯಜಮಾನರ ಕಣ್ಣು ತುಂಬಿ ಬಂತು. ದಾರಿಯಲ್ಲಿ ಮನೆಗೆ ಬರುವಾಗ, ಇಷ್ಟು ಗಮನ ಕೊಟ್ಟು ನನ್ನ ಮಾತು ಯಾರೂ ಕೇಳಿರಲಿಲ್ಲ ಎಂದರು. ಅಕ್ಕ ದುರುಗುಟ್ಟಿ ನೋಡಿದ್ದಕ್ಕೆ, ನಿನ್ನನ್ನು ಬಿಟ್ಟು ಎಂದು ಸೇರಿಸಿದರು.

ವಿಚಾರಣೆ ಹತ್ತಿರ ಬಂತು. ಅಕ್ಕನಿಗೆ ಜೊತೆಯಲ್ಲಿ ಕೂರಲು ಅನುಮತಿ ಸಿಕ್ಕಿತ್ತು, ಮಾತಾಡಲು ಅಲ್ಲ. ಅಲ್ಲಿಗೆ ಹಾಕಿಕೊಂಡು ಹೋಗಲು ಅವಳು ತನ್ನ ಹಳೇ ಆಫೀಸಿನ ಕೋಟು ತೆಗೆದಳು. ಕಂಕುಳ ಹತ್ತಿರ ಹರಿದದ್ದನ್ನು ಯಾವಾಗಲೋ ಅವಳೇ ಹೊಲಿದಿದ್ದಳು. ಗುಂಡಿ ಸ್ವಲ್ಪ ಸರಿಸಿದರಾಯಿತು ಎಂದು ಹೂಂಗುಟ್ಟಮ್ಮನ ಕೋಣೆಗೆ ಒಯ್ದಳು. ಒಂದೇ ಕೋಣೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ, ಗೋಡೆಗೆ ಒರಗಿ ಶಾಲೆಯ ಲೆಕ್ಕ ಮಾಡುತ್ತಿದ್ದ ಮಗಳು. ಹೂಂಗುಟ್ಟಮ್ಮ ಕೋಟನ್ನು ತಿರುವಿ ಕಂಕುಳ ಹೊಲಿಗೆ ನೋಡಿದಳು, ಬೆರಳಲ್ಲಿ ಎಳೆದಳು.

"ನೋ" ಎಂದಳು.

ಅಕ್ಕನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅದು ನಾನೇ ಹೊಲಿದದ್ದು, ಚೆನ್ನಾಗಿದೆ ಎಂದು ಬೇಕೆಂದೇ ಹೇಳಿದಳು.

"ನೋ ಟೀಚರ್. ಹೊಲಿಗೆ ತಪ್ಪು. ಪರವಾಗಿಲ್ಲ. ಬಿಚ್ತೀನಿ, ಮತ್ತೆ ಹೊಲೀತೀನಿ." ಹೇಳುವಷ್ಟರಲ್ಲೇ ಸಣ್ಣ ಕತ್ತರಿ ದಾರವನ್ನು ಪಟಪಟನೆ ಕತ್ತರಿಸಿಯಾಗಿತ್ತು. ದನಿಯಲ್ಲಿ ಹೆದರಿಕೆ ಇಲ್ಲ, ಸಂಕೋಚ ಇಲ್ಲ. ಈಗ ನನ್ನ ಮುಖಕ್ಕೇ ನೋ ಅಂದೆಯಲ್ಲ ಎಂದು ಅಕ್ಕ ಕೇಳಿದಳು. ಹೂಂಗುಟ್ಟಮ್ಮ ಗಾಬರಿಯಾಗಿ ಕತ್ತರಿ ಕೆಳಗಿಟ್ಟಳು. ನಿಮಗಲ್ಲ ಟೀಚರ್, ಹೊಲಿಗೆಗೆ ಎಂದಳು. ಹೊಲಿದವರು ಒಳ್ಳೆಯವರೇ, ಹೊಲಿಗೆ ಮೈಗೆ ಕೂರುತ್ತಿಲ್ಲ ಅಷ್ಟೆ. ಅಕ್ಕ ಕತ್ತರಿ ಎತ್ತಿ ಅವಳ ಕೈಗೆ ಕೊಟ್ಟಳು. ಆಮೇಲೆ, ಆ ಹಿರಿಯರೂ ಒಳ್ಳೆಯವರೇ ಇರಬಹುದು, ಅವರ ಮಾತು ನಿನಗೆ ಕೂರುತ್ತಿಲ್ಲವಲ್ಲ ಎಂದಳು. ಹೂಂಗುಟ್ಟಮ್ಮ ಹೂಂ ಎಂದಳು. ಆ ಹೂಂ ಯಾವ ಜಾತಿಯದು ಎಂದು ಅಕ್ಕನಿಗೆ ಗೊತ್ತಾಗಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಉದ್ದ ಮೇಜು, ಗೋಡೆಯಲ್ಲೊಂದು ಗಡಿಯಾರ, ಮೈಕು. ಅಧಿಕಾರಿ ಕನ್ನಡಕದ ಹೆಂಗಸು, ನೋಡಿದರೆ ಕೆಟ್ಟವಳಲ್ಲ. ಪಕ್ಕದಲ್ಲಿ ಅದೇ ಬಿಳಿ ಗಡ್ಡದ ಹಿರಿಯ. ಹೂಂಗುಟ್ಟಮ್ಮನನ್ನು ಕಂಡವನೇ ಎದ್ದು, ಎದೆಗೆ ಕೈಯಿಟ್ಟು, ಏನೋ ಹೇಳಿದ. ಮಗಳೇ ಎಂದಿರಬೇಕು. ಅವಳು ತಲೆ ತಗ್ಗಿಸಿ ನಮಸ್ಕರಿಸಿದಳು. ಹಿಂದೆ ಗೋಡೆಗಂಟಿದ ಕುರ್ಚಿಯಲ್ಲಿ ಅಕ್ಕ ಕೂತಳು. ಬದುಕಿಡೀ ಬಾಯಿಂದ ಬದುಕಿದವಳು ಈಗ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು.

ಅಧಿಕಾರಿ ಮೈಕು ಒತ್ತಿ ಕೇಳಿದಳು, ದುಭಾಷಿಯ ಮಾತು ನಿಮಗೆ ಅರ್ಥವಾಗುತ್ತದೆಯೇ? ಹಿರಿಯ ಅದನ್ನು ಅವರ ಮಾತಿನಲ್ಲಿ ಹೇಳಿ ಮುಗುಳ್ನಕ್ಕ.

"ಎಸ್" ಎಂದಳು ಹೂಂಗುಟ್ಟಮ್ಮ.

ಅಕ್ಕನ ಜೀವ ಬಾಯಿಗೆ ಬಂತು. ಆಯಿತು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎದ್ದು ಕೂಗಿಬಿಡೋಣ ಎನ್ನಿಸಿತು. ಕೂಗಿದರೆ ಹೊರಗೆ ಹಾಕುತ್ತಾರೆ, ಆಮೇಲೆ ಇವಳ ಬೆನ್ನಿಗೆ ಯಾರೂ ಇರುವುದಿಲ್ಲ. ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೊಸ ಹೊಲಿಗೆ ಭದ್ರವಾಗಿತ್ತು. ಅಷ್ಟರಲ್ಲಿ ಅಧಿಕಾರಿ ಮೊದಲ ಪ್ರಶ್ನೆ ಕೇಳಿಯೂ ಆಯಿತು, ನಿಮ್ಮ ಗಂಡನಿಗೆ ಏನಾಯಿತು ಹೇಳಿ ಎಂದು. ಹಿರಿಯ ಅದನ್ನು ಉದ್ದವಾಗಿ ದಾಟಿಸಿದ. ಹೂಂಗುಟ್ಟಮ್ಮ ಕೇಳಿದಳು. ಅವಳ ಬೆರಳುಗಳು ಮೇಜಿನ ಅಂಚನ್ನು ಬಟ್ಟೆಯ ಅಂಚಿನ ಹಾಗೆ ಸವರುತ್ತಿದ್ದವು. ಸವರುತ್ತ ಸವರುತ್ತ ನಿಂತವು.

"ನೋ" ಎಂದಳು. ದುಭಾಷಿಗೆ ಕಾಯದೆ, ಇಂಗ್ಲಿಷಿನಲ್ಲೇ, ನೇರ ಅಧಿಕಾರಿಯ ಮುಖ ನೋಡಿ. "ನನ್ನ ಎಸ್ ತಪ್ಪು. ಹೋದ ಸಲದ ಎಸ್ ಕೂಡ ತಪ್ಪು. ಬಿಚ್ತೀನಿ, ಮತ್ತೆ ಹೊಲೀತೀನಿ."

ಅಧಿಕಾರಿಗೆ ಹೊಲಿಗೆಯ ಮಾತು ತಿಳಿಯಲಿಲ್ಲ, ಆದರೆ ಪೆನ್ನು ಕೆಳಗಿಟ್ಟಳು. ಹೂಂಗುಟ್ಟಮ್ಮ ಹಿರಿಯನ ಕಡೆ ತಿರುಗಿ ಎದೆಗೆ ಕೈಯಿಟ್ಟುಕೊಂಡು ಮುಂದುವರಿಸಿದಳು. ಇವರು ನನ್ನ ತಂದೆಯ ಹಾಗೆ, ಒಳ್ಳೆಯವರು. ಇವರ ಮಾತು ಪಟ್ಟಣದ್ದು, ನನ್ನದು ಬೆಟ್ಟದ್ದು. ನನಗೆ ಅರ್ಥವಾಗುವುದಿಲ್ಲ, ಬೇರೆಯವರು ಬೇಕು. ಜಗಳದ ಕ್ಲಾಸಿನಲ್ಲಿ ಅಕ್ಕ ಕಲಿಸಿದ ಗುದ್ದು ಅದರಲ್ಲಿ ಇರಲಿಲ್ಲ. ಮಾತು ಮಾತ್ರ ಒಂದಿಂಚೂ ಅಲ್ಲಾಡಲಿಲ್ಲ.

ಹಿರಿಯ ಮೆಲ್ಲಗೆ ಎದ್ದು ನಿಂತ. ಅವನ ಇಂಗ್ಲಿಷು ಚೆನ್ನಾಗಿತ್ತು.

"ಇವಳು ಹೇಳೋದು ನಿಜ. ಹೋದ ಸಲ ಇವಳ ಮಾತು ನನಗೂ ಅರ್ಧ ತಿಳೀಲಿಲ್ಲ. ಅಳ್ತಾ ಇರೋ ಹೆಣ್ಣುಮಗಳಿಗೆ ನಿನ್ನ ಮಾತು ತಿಳೀಲಿಲ್ಲ ಅಂತ ಹೇಗೆ ಹೇಳೋದು? ತಿಳಿದಷ್ಟಕ್ಕೆ ನಾನೇ ಸೇರಿಸಿ ಹೇಳಿದೆ. ನನ್ನ ತಪ್ಪು. ಬರ್ಕೊಳ್ಳಿ."

ಒಂದೇ ದೇಶದ ಇಬ್ಬರು, ಒಬ್ಬರಿಂದೊಬ್ಬರಿಗೆ ನೋವಾಗಬಾರದೆಂದು ಹೂಂಗುಟ್ಟಿಕೊಂಡು, ಒಬ್ಬ ಹೆಂಗಸಿನ ಬದುಕನ್ನೇ ನೀರಿಗೆ ಬಿಡಲು ಹೊರಟಿದ್ದರು. ಅಧಿಕಾರಿ ಬರೆದುಕೊಂಡಳು. ಹಿಂದಿನ ಹೇಳಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೆಟ್ಟದ ಮಾತು ಬಲ್ಲವರನ್ನು ಕರೆಸಿ ಮೊದಲಿನಿಂದ ಕೇಳುತ್ತೇವೆ ಎಂದಳು. ಅಕ್ಕ ಅತ್ತಳು. ಅವಳಿಗೆ ಅಳು ಬರುತ್ತದೆಂದು ಯಜಮಾನರಿಗೂ ಗೊತ್ತಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಹಿರಿಯ ಬಂದು ಹೂಂಗುಟ್ಟಮ್ಮನ ಪಕ್ಕ ಕೂತ. ಏನೋ ಕೇಳಿದ. ಅವಳು ತಲೆ ಅಡ್ಡ ಆಡಿಸಿದಳು. ಅವನು ಬೇರೆ ಥರ ಹೇಳಿ ನೋಡಿದ. ಅವಳು ಮತ್ತೆ ಅಡ್ಡ ಆಡಿಸಿ ನಕ್ಕಳು. ಮೂರನೆಯ ಸಲಕ್ಕೆ ಅವಳಿಗೆ ತಿಳಿಯಿತು, ಉತ್ತರ ಕೊಟ್ಟಳು, ಈಗ ಅವನು ಕಿವಿಗೆ ಕೈಯಿಟ್ಟು ಇನ್ನೊಮ್ಮೆ ಎಂದ. ಹಾಗೇ ಒಬ್ಬರನ್ನೊಬ್ಬರು ತಡೆದು, ಕೇಳಿ, ತಿದ್ದಿ, ಇಬ್ಬರೂ ಬಹಳ ಹೊತ್ತು ಮಾತಾಡಿದರು. ಏನಂತೆ ಎಂದು ಅಕ್ಕ ಕೊನೆಗೂ ತಡೆಯಲಾರದೆ ಕೇಳಿದಳು. ಅವರ ಹೆಂಡತಿಯದ್ದು ನಮ್ಮ ಬೆಟ್ಟದ ಕಡೆಯಂತೆ, ತೀರಿಕೊಂಡರಂತೆ, ಈ ಮಾತು ಕೇಳಿ ಬಹಳ ವರ್ಷವಾಯಿತಂತೆ ಎಂದು ಹೂಂಗುಟ್ಟಮ್ಮ ಹೇಳಿದಳು.

ಮುಂದಿನ ವಿಚಾರಣೆಗೆ ಬೆಟ್ಟದ ಕಡೆಯವಳೇ ಒಬ್ಬಳು ದುಭಾಷಿಯಾಗಿ ಬಂದಳು. ಗಂಡನನ್ನು ಎಳೆದೊಯ್ದ ಕತೆ ಈ ಸಲ ನೇರವಾಗಿ ಮೇಜು ದಾಟಿತು. ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಅಕ್ಕನ ಮನೆಯ ಬಾಗಿಲು ಬಡಿದದ್ದು ತಾಯಿ, ಮಗಳು ಇಬ್ಬರೂ. ಇರಬಹುದು ಎಂದಿದ್ದಾರೆ, ಇನ್ನು ಯಾರೂ ಕಳಿಸುವುದಿಲ್ಲ ಎಂದಳು ತಾಯಿ. ಅಕ್ಕ ಅವಳನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಟೀಗೆ ಇಟ್ಟಳು. ಖುಷಿಯಲ್ಲಿ ಸಕ್ಕರೆ ಎಷ್ಟು ಹಾಕಿದಳೋ ದೇವರಿಗೇ ಗೊತ್ತು.

ಯಜಮಾನರು ಒಂದು ಗುಟುಕು ಕುಡಿದು, ಅಭ್ಯಾಸದಂತೆ, "ಚೆನ್ನಾಗಿದೆ ಕಣೇ" ಎಂದರು. ಹೂಂಗುಟ್ಟಮ್ಮನೂ ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು.

"ನೋ ಟೀಚರ್. ಸಕ್ಕರೆ ಜಾಸ್ತಿ. ಪರವಾಗಿಲ್ಲ, ನಾನು ಮತ್ತೆ ಮಾಡ್ತೀನಿ" ಎಂದು ಎದ್ದು, ಯಾರ ಅಪ್ಪಣೆಯನ್ನೂ ಕಾಯದೆ, ಅಕ್ಕನ ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಅಕ್ಕ ಹೆಮ್ಮೆಯಿಂದ ಉಬ್ಬಿಹೋದಳು. ಎಷ್ಟು ಚೆನ್ನಾಗಿ ಹೇಳಿದಳು ನೋಡಿದಿರಾ ಎನ್ನುವ ಹಾಗೆ ಯಜಮಾನರ ಕಡೆ ತಿರುಗಿದಳು. ಯಜಮಾನರು ಲೋಟವನ್ನೂ ಅಡುಗೆಮನೆಯ ಬಾಗಿಲನ್ನೂ ಒಮ್ಮೆ ನೋಡಿದರು.

"ನಂಗೂ ಸಕ್ಕರೆ ಜಾಸ್ತಿ ಕಣೇ" ಎಂದರು. "ಮೊದಲಿನಿಂದಲೂ."

ಅಕ್ಕ ಅವರನ್ನು ನೋಡಿದಳು. ಸಾವಿರ ಜನರ ದೂರು ಕೇಳಿದ್ದವಳಿಗೆ ಈ ದೂರು ಮಾತ್ರ ಇಷ್ಟು ವರ್ಷ ಬಂದಿರಲಿಲ್ಲ. ಅವರ ಮುಂದಿನ ಲೋಟ ಎತ್ತಿಕೊಂಡು, ತಿದ್ದಿಸಿಕೊಂಡು ಬರಲು ಒಳಗೆ ಹೋದಳು.